ಮುಡಿಪು ಬೆಟ್ಟದ ಸಂತ: ಪೂಜ್ಯ ಜೋಸೆಫ್ ವಾಜರ ಜೀವನ ಚರಿತ್ರೆ



ಬೆಟ್ಟ ಹತ್ತಿ ಬಂದು ದಣಿದಿದ್ದೀರಿ. ನೆರಳಲ್ಲಿ ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಪುಟಗಳನ್ನು ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಈ ಬೆಟ್ಟಕ್ಕೆ ಬರುವವರೆಲ್ಲ ಮಂಗಳೂರು, ಉಡುಪಿ ಕಡೆಯವರೇ ಅಲ್ಲ. ಬೆಂಗಳೂರಿನ ಚಾಮರಾಜಪೇಟೆಯಿಂದಲೂ ಬರುತ್ತಾರೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ರಾತ್ರಿ ಬಸ್ಸು ಹತ್ತಿ, ನಿದ್ದೆಗಣ್ಣಲ್ಲೇ ಘಾಟಿ ಇಳಿದು, ಬೆಳಗಾಗುವ ಹೊತ್ತಿಗೆ ಮಂಗಳೂರು ಮುಟ್ಟಿ, ಅಲ್ಲಿಂದ ಮುಡಿಪಿಗೆ. ಮನೆಯಲ್ಲಿ ಮಗನಿಗೋ ಮಗಳಿಗೋ ಆ ವರ್ಷ ಪ್ರಥಮ ಪರಮಪ್ರಸಾದ ಇದ್ದರೆ ಸಂತರ ಆಶೀರ್ವಾದ ಬೇಡಿಕೊಂಡು ಹೋಗೋಣ ಅಂತ ಬರುವವರುಂಟು. ಇದನ್ನು ಬರೆಯುತ್ತಿರುವ ನಾನೂ ಚಾಮರಾಜಪೇಟೆಯವನೇ. ಭಾನುವಾರ ಬಲಿಪೂಜೆಯಾದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವನು. ಪ್ರಥಮ ಪರಮಪ್ರಸಾದದ ದಿನ ಹತ್ತಿರವಾದಂತೆ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಇವು: ಬಿಳಿ ಬಟ್ಟೆ ಎಲ್ಲಿ ಹೊಲಿಸಬೇಕು, ಮೇಣದ ಬತ್ತಿ ಎಷ್ಟು ಉದ್ದ ಇರಬೇಕು, ಫೋಟೋದವರನ್ನು ಒಳಗೆ ಬಿಡುತ್ತಾರಾ? ತಪ್ಪೇನಿಲ್ಲ, ಹಬ್ಬ ಅಂದ ಮೇಲೆ ಸಡಗರ ಬೇಕು. ಆದರೆ ಮಗುವಿನ ಮನಸ್ಸು ಸಿದ್ಧವಾಗಿದೆಯಾ ಎಂದು ಕೇಳುವವರು ಕಡಿಮೆ. ಅದಕ್ಕೇ ಈ ಸಂತರ ಕಥೆಯನ್ನು ಬರೆಯಬೇಕೆನ್ನಿಸಿತು. ದೇವಸಂಸ್ಕಾರಗಳನ್ನು ಕೊಡುವುದಕ್ಕಾಗಿ, ಅದಕ್ಕಿಂತ ಮೊದಲು ಅವನ್ನು ಸ್ವೀಕರಿಸಲು ಜನರನ್ನು ಸಿದ್ಧಗೊಳಿಸುವುದಕ್ಕಾಗಿ ಬದುಕಿಡೀ ಬರಿಗಾಲಲ್ಲಿ ನಡೆದವರು ಇವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋಸೆಫ್ ವಾಜರು 1651ನೇ ಇಸವಿ ಏಪ್ರಿಲ್ 21ರಂದು ಗೋವಾದ ಬಾಣಾವಳಿ ಎಂಬ ಊರಿನಲ್ಲಿ ಹುಟ್ಟಿದರು. ಅದು ತಾಯಿಯ ತವರು. ತಂದೆ ಕ್ರಿಸ್ತೋವಾಂವ್ ವಾಜ್, ಸಾಂಕ್ವಾಳ ಗ್ರಾಮದವರು. ತಾಯಿ ಮರಿಯಾ ದೆ ಮಿರಾಂದಾ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಹುಟ್ಟಿದ ಎಂಟನೇ ದಿನ ಬಾಣಾವಳಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ದೀಕ್ಷಾಸ್ನಾನವಾಯಿತು.

ಪೋರ್ಚುಗೀಸ್ ಭಾಷೆಯನ್ನು ಸಾಂಕ್ವಾಳದಲ್ಲಿ, ಲ್ಯಾಟಿನ್ ಭಾಷೆಯನ್ನು ಬಾಣಾವಳಿಯಲ್ಲಿ ಕಲಿತರು. ಮನೆಮಾತು ಕೊಂಕಣಿ. ಶಾಲೆಗೆ ಹೋಗುವ ದಾರಿಯಲ್ಲಿ ಜಪಸರ ಹೇಳಿಕೊಳ್ಳುತ್ತಿದ್ದ ಹುಡುಗ, ಬಡವರನ್ನು ಕಂಡರೆ ಕೈಯಲ್ಲಿದ್ದುದನ್ನು ಕೊಟ್ಟುಬಿಡುತ್ತಿದ್ದ ಹುಡುಗ ಎಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಹಳೇ ಗೋವಾದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿದರು. ಆಮೇಲೆ ದೊಮಿನಿಕ್ ಸಭೆಯವರ ಹತ್ತಿರ ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಮುಗಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಗುರುಗಳಾದ ಕೂಡಲೇ ಪಾದರಕ್ಷೆ ಬಿಟ್ಟರು. ಬಡಬಗ್ಗರು ನಡೆಯುವ ಹಾಗೆ ತಾವೂ ಬರಿಗಾಲಲ್ಲಿ ನಡೆದರು. ಗುರುಗಳಾಗಬೇಕೆಂಬ ಹುಡುಗರಿಗಾಗಿ ಸಾಂಕ್ವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದರು. ಹೀಗೆ ಅವರ ಗುರುಜೀವನ ಶುರುವಾದದ್ದೇ ಮಕ್ಕಳ ಜೊತೆಗೆ. 1677ರಲ್ಲಿ ತಮ್ಮನ್ನು ಮರಿಯಮ್ಮನವರ ದಾಸನೆಂದು ಅರ್ಪಿಸಿಕೊಂಡು ಪತ್ರ ಬರೆದು ಸಹಿ ಹಾಕಿದರು.

ಕೆನರಾ ಸೀಮೆಗೆ ಆಗಮನ

ಲಂಕಾ ದ್ವೀಪದಲ್ಲಿ ಕಥೋಲಿಕ ಗುರುಗಳೇ ಇಲ್ಲ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಹೋಗಬೇಕೆಂಬ ಆಸೆ ಹುಟ್ಟಿತ್ತು. ಆದರೆ ಹಿರಿಯರು 1681ರಲ್ಲಿ ಅವರನ್ನು ಕೆನರಾಗೆ, ಅಂದರೆ ನಮ್ಮ ಕರಾವಳಿಗೆ ಕಳಿಸಿದರು. ಹೇಳಿದ ಮಾತಿಗೆ ಎದುರಾಡದೆ ಬಂದರು. ಆಗ ಈ ಸೀಮೆಯನ್ನು ಕೆಳದಿಯ ರಾಣಿ ಚೆನ್ನಮ್ಮ ಆಳುತ್ತಿದ್ದಳು.

ಇಲ್ಲಿ ಬಂದು ನೋಡಿದರೆ ಪರಿಸ್ಥಿತಿ ಬಹಳ ಕಷ್ಟದ್ದು. ಕ್ರೈಸ್ತರು ಊರೂರಿಗೆ ಚೆದುರಿಹೋಗಿದ್ದರು. ಎಷ್ಟೋ ದೇವಾಲಯಗಳು ಕುಸಿದು ಬಿದ್ದಿದ್ದವು. ಇದರ ಮೇಲೆ ಒಂದು ದೊಡ್ಡ ಜಗಳ. ಇಲ್ಲಿನ ಗುರುಗಳ ಮೇಲೆ ಅಧಿಕಾರ ಯಾರದು? ಪೋರ್ಚುಗಲ್ ಅರಸನ ಹಳೆಯ ಹಕ್ಕಿನ ಪ್ರಕಾರ ಗೋವಾದವರದೋ, ಇಲ್ಲಾ ರೋಮಿನಿಂದ ನೇರವಾಗಿ ನೇಮಕವಾಗಿ ಬಂದಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರದೋ? ಒಂದು ಕಡೆಯವರು ಕೊಟ್ಟ ಸಂಸ್ಕಾರ ಇನ್ನೊಂದು ಕಡೆಯವರಿಗೆ ಸಲ್ಲದು ಅನ್ನುವ ಮಟ್ಟಕ್ಕೆ ವಿಷಯ ಹೋಗಿತ್ತು. ಸಾಮಾನ್ಯ ಜನರ ಗತಿ ಏನಾಗಬೇಡ! ತಾನು ಮಾಡಿದ ಪಾಪನಿವೇದನೆಗೆ ಬೆಲೆ ಉಂಟೋ ಇಲ್ಲವೋ, ಮಗಳ ಮದುವೆ ಸರಿಯಾಗಿ ಆಯಿತೋ ಇಲ್ಲವೋ ಎಂಬ ಸಂಶಯ ಮನೆ ಮನೆಗೂ ಹೊಕ್ಕಿತ್ತು.

ವಾಜರು ಗೋವಾದ ಕಡೆಯಿಂದ ಬಂದವರು. ಆದರೂ ಹಟ ಹಿಡಿಯಲಿಲ್ಲ. ಧರ್ಮಾಧ್ಯಕ್ಷರನ್ನು ಖುದ್ದಾಗಿ ಕಂಡರು, ಅವರ ಹತ್ತಿರವಿದ್ದ ರೋಮಿನ ಪತ್ರಗಳನ್ನು ಓದಿದರು. ರೋಮಿನಿಂದ ಕಡೆಯ ತೀರ್ಮಾನ ಬರುವ ತನಕ ಶಾಂತಿಯಿಂದಿರುವ ಒಂದು ಒಪ್ಪಂದಕ್ಕೆ ಬಂದರು. ಧರ್ಮಾಧ್ಯಕ್ಷರೂ ತಮ್ಮ ಅಧಿಕಾರವನ್ನು ಅವರಿಗೆ ವಹಿಸಿಕೊಟ್ಟರು. ದೊಡ್ಡವರ ಜಗಳದಲ್ಲಿ ಜನರು ಸಂಸ್ಕಾರ ಕಳೆದುಕೊಳ್ಳಬಾರದು, ಅಷ್ಟೇ ಅವರ ಲೆಕ್ಕ. ಇದರಿಂದ ಎರಡೂ ಕಡೆಯ ಕೆಲವರಿಗೆ ಅವರ ಮೇಲೆ ಸಿಟ್ಟು ಬಂತು ಅನ್ನುವುದನ್ನೂ ನೆನಪಿಡಿ.

ಮೂರು ವರ್ಷ ಕರಾವಳಿಯಲ್ಲಿ ಓಡಾಡಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ, ಹೊನ್ನಾವರ ಹೀಗೆ ಊರಿಂದೂರಿಗೆ. ಬಿದ್ದ ದೇವಾಲಯಗಳನ್ನು ಎತ್ತಿ ಕಟ್ಟಿಸಿದರು. ಭಕ್ತ ಸಹೋದರ ಕೂಟಗಳನ್ನು ಸ್ಥಾಪಿಸಿದರು. ದಾಸ್ಯದಲ್ಲಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಮಕ್ಕಳಿಗಾಗಿ ಶಾಲೆಗಳನ್ನು ತೆರೆದು ಪ್ರಾರ್ಥನೆ, ಜ್ಞಾನೋಪದೇಶ ಕಲಿಸಿದರು. ಗಂಗೊಳ್ಳಿ, ಕುಂದಾಪುರದ ಕಡೆ ಇವತ್ತಿಗೂ ಅವರ ಹೆಸರು ಹೇಳಿ ಕೈ ಮುಗಿಯುವ ಮನೆಗಳಿವೆ.

ಈ ಬೆಟ್ಟದ ಮೇಲಿನ ಆ ರಾತ್ರಿ

ನೀವು ಈಗ ಕೂತಿರುವ ಜಾಗದ ಕಥೆಗೆ ಬಂದೆವು. ಇದು ಹಿರಿಯರ ಬಾಯಿಂದ ಬಾಯಿಗೆ ಬಂದದ್ದು.

ಸ್ವಾಮಿಯವರು ಆಗ ಪಾನೀರಿನಲ್ಲಿ ತಂಗಿದ್ದರು. ಒಂದು ರಾತ್ರಿ ಕೆಲವರು ಬಂದು, ಮುಡಿಪಿನ ಕಡೆ ಒಬ್ಬ ರೋಗಿ ಸಾವುಬದುಕಿನ ನಡುವೆ ಇದ್ದಾನೆ, ಅಭ್ಯಂಗ ಕೊಡಬೇಕು, ಬೇಗ ಬನ್ನಿ ಎಂದು ಕರೆದರು. ಕರೆದವರು ಆ ಅಧಿಕಾರದ ಜಗಳದಲ್ಲಿ ಅವರಿಗೆ ವಿರೋಧವಾಗಿದ್ದವರು. ಹೊತ್ತಲ್ಲದ ಹೊತ್ತು, ಕಾಡು ದಾರಿ. ಸ್ವಾಮಿಯವರು ಬಿದಿರಿನ ಊರುಗೋಲು ಹಿಡಿದು ಹೊರಟೇಬಿಟ್ಟರು. ಬೆಟ್ಟದ ತುದಿಗೆ ಬಂದಾಗ ಅಲ್ಲಿ ಮನೆಯೂ ಇಲ್ಲ, ರೋಗಿಯೂ ಇಲ್ಲ. ಕೊಲ್ಲುವುದಕ್ಕೆ ಹೂಡಿದ ಉಪಾಯ ಅದು. ಆಗ ಸ್ವಾಮಿಯವರು ಊರುಗೋಲಿನಿಂದ ಬಂಡೆಯನ್ನು ಮೂರು ಸಲ ಕುಟ್ಟಿದರಂತೆ. ಬಂಡೆಯಿಂದ ಬೆಳಕು ಎದ್ದಿತು. ಬಂದವರು ಬೆದರಿ ನಿಂತರು. ಆ ಬೆಳಕಿನಲ್ಲೇ ಸ್ವಾಮಿಯವರು ಬೆಟ್ಟ ಇಳಿದು ಪಾನೀರಿಗೆ ಹಿಂದಿರುಗಿದರು. ಆಮೇಲೆ ಜನ ಬಂದು ನೋಡಿದರೆ ಊರುಗೋಲು ತಗುಲಿದ ಮೂರು ಕಡೆ ನೀರಿನ ಒರತೆ! ಆ ನೀರನ್ನೇ ನೀವು ತೀರ್ಥವೆಂದು ಬಾಟಲಿಯಲ್ಲಿ ತುಂಬಿಕೊಂಡು ಹೋಗುವುದು.

ಯಾತ್ರಿಕರೇ, ನಾವು ನೀರಿನ ಪವಾಡವನ್ನು ನೆನೆಯುತ್ತೇವೆ. ಅದಕ್ಕೂ ಮುಂಚಿನ ಮಾತು ಒಂದಿದೆ. ಕರೆಯಲು ಬಂದವರು ಏನೆಂದು ಕರೆದರು? ಊಟಕ್ಕೆ ಬನ್ನಿ ಅನ್ನಲಿಲ್ಲ, ಸನ್ಮಾನಕ್ಕೆ ಬನ್ನಿ ಅನ್ನಲಿಲ್ಲ. ಒಬ್ಬನಿಗೆ ಸಂಸ್ಕಾರ ಬೇಕು ಎಂದರು. ಆ ಹೆಸರಲ್ಲಿ ಕರೆದರೆ ಈ ಮನುಷ್ಯ ಇಲ್ಲ ಅನ್ನುವುದಿಲ್ಲ ಎಂದು ಅವರ ವೈರಿಗಳಿಗೂ ಚೆನ್ನಾಗಿ ಗೊತ್ತಿತ್ತು.

ಗುರುಗಳಿಲ್ಲದ ನಾಡು

1684ರಲ್ಲಿ ವಾಜರು ಗೋವಾಕ್ಕೆ ಹಿಂದಿರುಗಿದರು. ಅಲ್ಲಿ ಸ್ಥಳೀಯ ಗುರುಗಳು ಕೆಲವರು ಸೇರಿ ಸಾಮೂಹಿಕ ಜೀವನ ಆರಂಭಿಸಿದ್ದರು. ವಾಜರು 1685ರಲ್ಲಿ ಅವರನ್ನು ಸೇರಿ ಅವರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ನಿಯಮದ ಮೇಲೆ ನಡೆದ ಆ ಒರಾಟರಿ ಸಂಘವೇ ಮುಂದೆ ಲಂಕೆಗೆ ಗುರುಗಳನ್ನು ಕಳಿಸಿತು.

ಲಂಕೆಯಲ್ಲಿ ಆಗಿದ್ದೇನು ಗೊತ್ತೇ? 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಪಟ್ಟಣ ಪೋರ್ಚುಗೀಸರ ಕೈಯಿಂದ ಡಚ್ಚರ ಕೈಗೆ ಹೋದವು. ಡಚ್ಚರೂ ಕ್ರೈಸ್ತರೇ, ಆದರೆ ಕಥೋಲಿಕರಲ್ಲ. ಕಥೋಲಿಕ ಗುರುಗಳನ್ನು ಹೊರಗಟ್ಟಿದರು. ಗುರುಗಳಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಶಿಕ್ಷೆ ಇತ್ತು. ದೇವಾಲಯಗಳನ್ನು ತೆಗೆದುಕೊಂಡು ತಮ್ಮ ಪ್ರಾರ್ಥನಾಲಯ, ಶಾಲೆ ಮಾಡಿಕೊಂಡರು. ಮಕ್ಕಳು ಆ ಶಾಲೆಗೇ ಹೋಗಬೇಕು, ತಪ್ಪಿಸಿದರೆ ದಂಡ. ದೀಕ್ಷಾಸ್ನಾನ, ಮದುವೆಗಳೆಲ್ಲ ಶಾಲೆಯ ಉಪಾಧ್ಯಾಯರ ದಫ್ತರದಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಆಸ್ತಿಯ ಹಕ್ಕಿಗೂ ತೊಂದರೆ.

ಹೀಗೆ ಸುಮಾರು 30 ವರ್ಷ. ಆ ಸಮಯದಲ್ಲಿ ಹುಟ್ಟಿದ ಮಗು ಬೆಳೆದು, ಮದುವೆಯಾಗಿ, ತಾನೂ ತಂದೆಯೋ ತಾಯಿಯೋ ಆಗುವ ತನಕ ಒಬ್ಬ ಕಥೋಲಿಕ ಗುರುವಿನ ಮುಖ ಕಂಡಿರಲಿಲ್ಲ. ಪಾಪನಿವೇದನೆ ಮಾಡಿರಲಿಲ್ಲ, ಪರಮಪ್ರಸಾದ ನಾಲಿಗೆ ಮೇಲೆ ಬಿದ್ದಿರಲಿಲ್ಲ. ಆದರೂ ವಿಶ್ವಾಸ ಆರಿಹೋಗಲಿಲ್ಲ. ಹಗಲು ಶಾಲೆಯಲ್ಲಿ ಬೇರೆ ಪಾಠ ಕೇಳಿ ಬಂದ ಮಗುವಿಗೆ ಮನೆಯಲ್ಲಿ ಹಳೆಯ ಪ್ರಾರ್ಥನೆಯನ್ನು ಹೇಳಿಕೊಡುವವರಿದ್ದರು. ಬಚ್ಚಿಟ್ಟ ಜಪಸರ, ಬಚ್ಚಿಟ್ಟ ಪ್ರತಿಮೆ ಇದ್ದವು. ಗುರುಮನೆ ಇರಲಿಲ್ಲ, ಆದರೆ ಮನೆ ಇತ್ತು.

ಕೊರಳಲ್ಲಿ ಜಪಸರ, ಕೈಯಲ್ಲಿ ಭಿಕ್ಷಾಪಾತ್ರೆ

1686ರಲ್ಲಿ ವಾಜರು ಜೊವಾಂವ್ ಎಂಬ ಸೇವಕನೊಡನೆ ಗೋವಾ ಬಿಟ್ಟರು. ಕರಾವಳಿಗುಂಟ ಇಳಿದು ತೂತ್ತುಕುಡಿ ಸೇರಿದರು. ಗುರುಗಳ ಉಡುಪಿನಲ್ಲಿ ಹೋದರೆ ಡಚ್ಚರು ಹಿಡಿಯುತ್ತಾರೆ. ಆದ್ದರಿಂದ ಕೂಲಿಯಾಳಿನ ವೇಷ ಹಾಕಿ ಹಡಗು ಹತ್ತಿದರು. ಪ್ರಯಾಣದಲ್ಲಿ ಹಸಿವು, ಬಾಯಾರಿಕೆ. 1687ರಲ್ಲಿ ಜಾಫ್ನಾ ಮುಟ್ಟುವ ಹೊತ್ತಿಗೆ ರಕ್ತಭೇದಿ ಹಿಡಿದು ಪ್ರಾಣ ಹೋಗುವ ಸ್ಥಿತಿ. ಗುಣವಾದ ಮೇಲೆ ಇನ್ನೊಂದು ಸಮಸ್ಯೆ: ಇಲ್ಲಿ ಕಥೋಲಿಕರು ಯಾರು? ಯಾರನ್ನು ಕೇಳುವುದು? ಕೇಳಿದರೆ ಅವರಿಗೂ ಅಪಾಯ, ತಮಗೂ ಅಪಾಯ.

ಅವರು ಒಂದು ಉಪಾಯ ಮಾಡಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷುಕನ ಮುಖ ನೋಡುವವರು ಕಡಿಮೆ, ಆದರೆ ಕೊರಳಿನ ಸರವನ್ನು ಗುರುತಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಹಾಗೇ ಆಯಿತು. ಗುರುತಿಸಿದ ಮನೆಯವರು ಅವರನ್ನು ಒಳಗೆ ಕರೆದುಕೊಂಡರು. ನಿಧಾನವಾಗಿ ಪರೀಕ್ಷಿಸಿ, ನಂಬಿಕೆ ಬಂದ ಮೇಲೆ, ತಾವು ಗುರು ಎಂದು ವಾಜರು ತಿಳಿಸಿದರು. ಆಮೇಲೆ ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆಯಾಗಿ ಮಾಡಿಕೊಂಡು ರಾತ್ರಿ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ ನಡೆಸಿದರು. ಬೆಳಗಾಗುವ ಮೊದಲು ಅಲ್ಲಿಂದ ಜಾಗ ಖಾಲಿ.

1689ರ ಕ್ರಿಸ್ಮಸ್ ಹಿಂದಿನ ರಾತ್ರಿ ಡಚ್ಚರು ದಾಳಿ ಮಾಡಿ, ಪೂಜೆಗೆ ಸೇರಿದ್ದವರನ್ನು ಸೆರೆಹಿಡಿದರು. ಹಿಂಸೆಗೆ ಕೆಲವರು ಪ್ರಾಣ ಬಿಟ್ಟರು. ವಾಜರು ಕೈಗೆ ಸಿಗಲಿಲ್ಲ. ಒಂದು ಬಲಿಪೂಜೆಗೆ ಹೋಗುವುದಕ್ಕೆ ಆ ಜನ ಏನನ್ನು ಪಣಕ್ಕಿಟ್ಟಿದ್ದರು ನೋಡಿ. ನಮ್ಮಲ್ಲಿ ಭಾನುವಾರ ಮಳೆ ಹನಿದರೆ ಪೂಜೆ ತಪ್ಪುತ್ತದೆ.

ಕ್ಯಾಂಡಿಯಲ್ಲಿ ಸೆರೆ ಮತ್ತು ಸೇವೆ

ಜಾಫ್ನಾದಿಂದ ಪುತ್ತಲಂ, ಅಲ್ಲಿಂದ 1692ರಲ್ಲಿ ಕ್ಯಾಂಡಿ. ಕ್ಯಾಂಡಿಯಲ್ಲಿ ಬೌದ್ಧ ಅರಸ ಎರಡನೇ ವಿಮಲಧರ್ಮಸೂರಿಯನ ಆಳ್ವಿಕೆ. ಈತ ಪೋರ್ಚುಗೀಸರ ಗೂಢಚಾರ ಎಂದು ಯಾರೋ ಚಾಡಿ ಹೇಳಿದ್ದರಿಂದ ವಾಜರನ್ನು ಸೆರೆಗೆ ಹಾಕಿದರು. ಅವರು ಸುಮ್ಮನೆ ಕೂರಲಿಲ್ಲ. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಒಂದು ಗುಡಿಸಲು ದೇವಾಲಯ ಕಟ್ಟಿಕೊಂಡರು. ನಿಧಾನಕ್ಕೆ ಜನ ಅಲ್ಲಿಗೇ ಬರತೊಡಗಿದರು. ಒಮ್ಮೆ ಮಳೆ ಹೋಗಿ ನಾಡು ಒಣಗಿದಾಗ ಅರಸನ ಕೋರಿಕೆಯಂತೆ ಬಯಲಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರು, ಧಾರಾಕಾರ ಮಳೆ ಸುರಿಯಿತು ಎಂದು ಹೇಳುತ್ತಾರೆ. ಅರಸ ಅವರಿಗೆ ನಾಡಿನಲ್ಲಿ ಓಡಾಡಲು ಬಿಟ್ಟನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜರು ಮತ್ತು ಗೋವಾದಿಂದ ಬಂದಿದ್ದ ಅವರ ಜೊತೆಗಾರ ಗುರು ಅಲ್ಲೇ ಉಳಿದು, ಜಾತಿ ಮತ ನೋಡದೆ ರೋಗಿಗಳಿಗೆ ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧ ಅರಸನ ನಾಡಿನಲ್ಲಿ ಅವರಿಗೆ ಗೌರವ ಬಂದದ್ದು ಈ ಸೇವೆಯಿಂದ.

ಹೇಳಿಕೊಡುವವರನ್ನು ತಯಾರು ಮಾಡಿದರು

ಇನ್ನು ಈ ಕಥೆಯ ಮುಖ್ಯ ಭಾಗ. ಅಷ್ಟು ದೊಡ್ಡ ದ್ವೀಪಕ್ಕೆ ಬಹಳ ವರ್ಷ ಒಬ್ಬರೇ ಗುರು. ಒಂದು ಹಳ್ಳಿಗೆ ಹೋದರೆ ಮತ್ತೆ ಅಲ್ಲಿಗೆ ಬರುವುದು ಯಾವಾಗಲೋ. ಹಾಗಿರುವಾಗ ಮಕ್ಕಳಿಗೆ ಕಲಿಸುವವರು ಯಾರು? ವಾಜರು ಹಳ್ಳಿಗಳಲ್ಲಿ ಗೃಹಸ್ಥರನ್ನೇ ಆರಿಸಿ ತಯಾರು ಮಾಡಿದರು. ಮುಖಂಡನಿಗೆ ಮೂಪ್ಪು ಎಂದು ಹೆಸರು, ಪಾಠ ಹೇಳುವವನಿಗೆ ಅಣ್ಣಾವಿ. ನಮ್ಮ ಕಡೆ ಉಪದೇಶಿ ಅನ್ನುತ್ತೇವಲ್ಲ, ಹಾಗೆ. ಭಾನುವಾರ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜ್ಞಾನೋಪದೇಶ ಹೇಳುವುದು, ಸಾಯುವ ಸ್ಥಿತಿಯ ಶಿಶುವಿಗೆ ದೀಕ್ಷಾಸ್ನಾನ ಕೊಡುವುದು, ಗುರುಗಳು ಬರುವ ಹೊತ್ತಿಗೆ ಪಾಪನಿವೇದನೆಗೆ, ಪರಮಪ್ರಸಾದಕ್ಕೆ, ಮದುವೆಗೆ ಜನರನ್ನು ಅಣಿಗೊಳಿಸುವುದು, ಇದೆಲ್ಲ ಅವರ ಪಾಲಿನ ಕೆಲಸ.

ಪ್ರಾರ್ಥನೆಗಳು ಜನರ ಭಾಷೆಯಲ್ಲೇ ಇರಬೇಕು ಎಂದು ತಮಿಳು, ಸಿಂಹಳ ಎರಡನ್ನೂ ಬಳಸಿದರು. 1705ರಲ್ಲಿ ಬಂದು ಸೇರಿದ ಗೋವಾದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಗುರುಗಳು ಆ ಕೆಲಸವನ್ನು ಮುಂದುವರಿಸಿ ಸಿಂಹಳದಲ್ಲಿ ಅನೇಕ ಪುಸ್ತಕ ಬರೆದರು. ವಾಜರಿಗೆ ಧರ್ಮಾಧ್ಯಕ್ಷ ಪದವಿ ಕೊಡುವ ಮಾತೂ ಬಂತು. ಅವರು ಒಪ್ಪಲಿಲ್ಲ.

ನಡೆದು ನಡೆದು ದೇಹ ಸವೆದಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು. ಆಗ ವಯಸ್ಸು 59. ಸಮಾಧಿ ಎಲ್ಲಿತ್ತೆಂದು ಇವತ್ತು ತೋರಿಸುವಂತಿಲ್ಲ. ಆದರೆ ಅವರು ಕಲಿಸಿದವರು ಕಲಿಸುತ್ತಲೇ ಹೋದರು. ಡಚ್ಚರು 1796ರಲ್ಲಿ ಲಂಕೆ ಬಿಟ್ಟು ಹೋದಾಗ ಅಲ್ಲಿ ಕಥೋಲಿಕ ಸಭೆ ಜೀವಂತವಾಗಿತ್ತು. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ ಅವರನ್ನು ಧನ್ಯರ ಸಾಲಿಗೆ ಸೇರಿಸಿದರು. 2015ರ ಜನವರಿ 14ರಂದು ಅದೇ ಕೊಲಂಬೊದ ಕಡಲ ದಂಡೆಯಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಮನೆಗೆ ಏನು ಒಯ್ಯುತ್ತೀರಿ?

ವಾಜರ ಕಾಲದಲ್ಲಿ ಏಳೆಂಟು ವರ್ಷದ ಮಕ್ಕಳಿಗೆ ಪರಮಪ್ರಸಾದ ಕೊಡುವ ರೂಢಿ ಇರಲಿಲ್ಲ. ಹತ್ತು ಹನ್ನೆರಡು ದಾಟಬೇಕಿತ್ತು. 1910ರಲ್ಲಿ ಪೋಪ್ ಹತ್ತನೇ ಪಿಯುಸ್, ಒಳಿತು ಕೆಡುಕು ತಿಳಿಯುವ ಸುಮಾರು ಏಳನೇ ವಯಸ್ಸಿಗೇ ಕೊಡಬಹುದೆಂದು ಬಾಗಿಲು ತೆರೆದರು. ಮಗು ಪಂಡಿತನಾಗಬೇಕಿಲ್ಲ. ಇದು ಬರೀ ರೊಟ್ಟಿಯಲ್ಲ, ಯೇಸು ಸ್ವಾಮಿ ಎಂದು ತನ್ನ ವಯಸ್ಸಿಗೆ ತಕ್ಕಂತೆ ತಿಳಿದಿರಬೇಕು, ಮೊದಲು ಪಾಪನಿವೇದನೆ ಮಾಡಿರಬೇಕು. ಆ ಸಿದ್ಧತೆ ಯಾರ ಹೊಣೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 914ನೇ ವಿಧಿ ಮೊದಲು ತಂದೆತಾಯಿಗಳನ್ನು ಹೆಸರಿಸುತ್ತದೆ. ಧರ್ಮಕೇಂದ್ರದ ಗುರುಗಳು ಬರುವುದು ಆಮೇಲೆ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಬಹಳ ವರ್ಷ ನಾನು ಮಕ್ಕಳಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ, ಗಿಳಿಯ ಹಾಗೆ ಒಪ್ಪಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅದೇ ಮಕ್ಕಳು ದೃಢೀಕರಣ ಸಂಸ್ಕಾರ ಪಡೆದು ಪಿಯುಸಿ ಸೇರಿದ ಮೇಲೆ ದೇವಾಲಯದ ಕಡೆ ತಲೆ ಹಾಕದಿದ್ದಾಗ ಯೋಚನೆಗೆ ಬಿದ್ದೆ. ಉಳಿದುಕೊಂಡವರು ಯಾರು ಎಂದು ನೋಡಿದರೆ, ಮನೆಯಲ್ಲಿ ಸಂಜೆ ಟಿವಿ ಆರಿಸಿ ಒಂದು ಜಪಸರ ಹೇಳುವ ಮನೆಯ ಮಕ್ಕಳು. ಅಜ್ಜಿಯ ಕೈ ಹಿಡಿದು ಶಿಲುಬೆ ಗುರುತು ಹಾಕಲು ಕಲಿತವರು. ಅಪ್ಪ ಪಾಪನಿವೇದನೆಗೆ ಸಾಲಿನಲ್ಲಿ ನಿಂತದ್ದನ್ನು ಕಣ್ಣಾರೆ ಕಂಡವರು.

ನಮ್ಮ ಚಾಮರಾಜಪೇಟೆಯಲ್ಲಿ ದೇವಾಲಯ ಹತ್ತಿರದಲ್ಲೇ ಇದೆ, ಗಂಟೆ ಕೇಳಿಸುತ್ತದೆ, ಗುರುಗಳಿದ್ದಾರೆ, ಧರ್ಮಭಗಿನಿಯರಿದ್ದಾರೆ. ಯಾರೂ ನಮ್ಮನ್ನು ಹಿಡಿಯಲು ಬರುವುದಿಲ್ಲ. ಆದರೆ ಒಂದು ಸಲ ಕಣ್ಣು ಮುಚ್ಚಿ ಯೋಚಿಸಿ. ನಾಳೆಯಿಂದ 30 ವರ್ಷ ಗುರುಗಳಿಲ್ಲ, ಪೂಜೆ ಇಲ್ಲ, ಜ್ಞಾನೋಪದೇಶದ ತರಗತಿ ಇಲ್ಲ ಅಂತಾದರೆ, ನಿಮ್ಮ ಮನೆಯಲ್ಲಿ ವಿಶ್ವಾಸ ಉಳಿಯುತ್ತದೆಯೇ? ಜಪಸರ ಕೊರಳಿಗೆ ಹಾಕಿಕೊಂಡ ಭಿಕ್ಷುಕನೊಬ್ಬ ಬಾಗಿಲಿಗೆ ಬಂದರೆ ನಿಮ್ಮ ಮಗು ಅವನನ್ನು ಗುರುತಿಸುತ್ತದೆಯೇ?

ಒರತೆಯ ನೀರನ್ನು ತುಂಬಿಕೊಂಡು ಹೋಗಿ, ಸಂತೋಷ. ಅದರ ಜೊತೆಗೆ ಒಂದು ಹರಕೆಯನ್ನೂ ಒಯ್ಯಿರಿ: ಈ ವರ್ಷ ಮಗುವಿಗೆ ಬಿಳಿ ಬಟ್ಟೆ ಹೊಲಿಸುವ ಮೊದಲು, ದಿನಕ್ಕೆ ಹತ್ತು ನಿಮಿಷ ಅದರ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುತ್ತೇವೆ ಎಂದು. ಸಂತ ಜೋಸೆಫ್ ವಾಜರಿಗೆ ಇದಕ್ಕಿಂತ ಮೆಚ್ಚುಗೆಯ ಕಾಣಿಕೆ ಬೇರೆ ಇರಲಾರದು.

ಪ್ರಾರ್ಥನೆ

ಓ ಸಂತ ಜೋಸೆಫ್ ವಾಜರೇ, ನೀವು ಬರಿಗಾಲಲ್ಲಿ ನಮ್ಮ ನಾಡಿನ ಹಾದಿಗಳನ್ನು ತುಳಿದಿರಿ. ಕತ್ತಲಲ್ಲಿ ಕರೆದರೂ ಬಂದಿರಿ. ನಮ್ಮ ಮಕ್ಕಳು ಪ್ರಭುವನ್ನು ತಿಳಿದು, ಪ್ರೀತಿಸಿ, ಶುದ್ಧ ಮನಸ್ಸಿನಿಂದ ಸ್ವೀಕರಿಸುವಂತೆ ಅವರಿಗಾಗಿ ಬೇಡಿಕೊಳ್ಳಿರಿ. ಅವರಿಗೆ ಮೊದಲ ಉಪದೇಶಿಗಳಾಗುವ ಕೃಪೆಯನ್ನು ತಂದೆತಾಯಿಗಳಾದ ನಮಗೆ ದೊರಕಿಸಿಕೊಡಿರಿ. ಆಮೆನ್.